ಮೂತಿಹುಳುವಿನ ಕಣ್ಣು

"ಅಲ್ಲಾಡಿಸ್ಬೇಡ ಅಂದ್ನಲ್ಲ!"

"ಅಲ್ಲಾಡಿಸ್ತಿಲ್ಲ."

"ಮತ್ತೆ ಇದೇನು? ನೋಡಿಲ್ಲಿ, ಗಂಜಿ ಕದಡಿದ ಹಾಗಿದೆ. ಕೈಯೋ ಅದು, ತೊಟ್ಟಿಲೋ?"

ನನ್ನ ಗಂಡ ಲಾದೊ ಕ್ಯಾಮೆರಾದ ಹಿಂಬದಿಯ ಪರದೆಯನ್ನು ನನ್ನ ಮೂಗಿಗೆ ಹಿಡಿದ. ನಾನು ನೋಡಲಿಲ್ಲ. ನೋಡದೆಯೇ ಗೊತ್ತಿತ್ತು. ಬೆಳಗಿನ ಇಬ್ಬನಿ ಚಪ್ಪಲಿಯೊಳಗೆ ಇಳಿದು ಕಾಲ್ಬೆರಳುಗಳು ಜೋಮು ಹಿಡಿದಿದ್ದವು. ಬಾರ್ಲಿ ಕಾಫಿಗೆ ಇಟ್ಟ ಹಾಲು ಉಕ್ಕಿತೇನೋ ಎಂದು ಅರ್ಧ ಮನಸ್ಸು ಅಡುಗೆಮನೆಯಲ್ಲಿತ್ತು. ಹಿತ್ತಿಲ ಹೇಝಲ್ ಗಿಡದ ಒಂದು ರೆಂಬೆಯನ್ನು, ಬೀನ್ಸ್ ಬಳ್ಳಿಗೆಂದು ನೆಟ್ಟ ಕೋಲಿಗೆ ಒತ್ತಿ ಹಿಡಿದು, ಬೆನ್ನು ಬಗ್ಗಿಸಿ ನಿಂತಿದ್ದೆ. ರೆಂಬೆಯ ತುದಿಯ ಎಲೆಯ ಮೇಲೆ ಗೋಧಿಕಾಳಿನಷ್ಟು ಗಾತ್ರದ ಮೂತಿಹುಳು ಕೂತಿತ್ತು. ಹೆಸರಿಗೆ ತಕ್ಕ ಹಾಗೆ ಅದರ ಮೂತಿ ಮೈಯಷ್ಟೇ ಉದ್ದ. ಇರುಳಿನ ಚಳಿ ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಅದಕ್ಕೆ ಓಡಿಹೋಗುವ ಶಕ್ತಿ ಇರಲಿಲ್ಲ. ನನಗೂ ಇರಲಿಲ್ಲ.

"ಹೌದು, ಅಲ್ಲಾಡ್ತು," ಎಂದೆ. "ಇನ್ನೊಂದು ತೆಗಿ."

"ಇನ್ನೊಂದು ತೆಗೀಬೇಕಂತೆ! ನಾನು ತೆಗೀತಾನೇ ಇರ್ತೀನಿ, ನೀನು ಅಲ್ಲಾಡಿಸ್ತಾನೇ ಇರು."

ಎಡಗೈ ಜೋಲುಬಿಟ್ಟು, ಬಲಗೈ ಒಂದರಲ್ಲೇ ಕ್ಯಾಮೆರಾ ಎತ್ತಿಕೊಂಡು ಅವನು ಮತ್ತೆ ಬಾಗಿದ. ಕ್ಯಾಮೆರಾದ ತಲೆಯ ಮೇಲೆ ಹಳೆಯ ಫ್ಲಾಶ್, ಫ್ಲಾಶಿನ ಮುಂದೆ ಕತ್ತರಿಸಿದ ಐಸ್‌ಕ್ರೀಮ್ ಡಬ್ಬಿ, ಡಬ್ಬಿಯ ಬಾಯಿಗೆ ನಾನು ಒಲೆಯ ತಟ್ಟೆಗೆ ಹಾಸುವ ಬಿಳಿ ಕಾಗದ. ಬೆಳಕು ಆ ಕಾಗದದಲ್ಲಿ ಸೋಸಿ ಬಂದರೆ ಹುಳುವಿನ ಬೆನ್ನು ಕಣ್ಣು ಕುಕ್ಕದೆ ನವಿರಾಗಿ ಕಾಣುತ್ತದಂತೆ. ಈ ಸಲ ಈಸ್ಟರಿಗೆ ಆಕ್ರೋಟಿನ ಹೂರಣದ ಪೊತಿತ್ಸಾ ರೊಟ್ಟಿ ಸುತ್ತಿ ಬೇಯಿಸಲು ಇಡೋಣವೆಂದರೆ ಮನೆಯಲ್ಲಿ ಒಂದು ಹಾಳೆ ಕಾಗದವೂ ಇರಲಿಲ್ಲ. ಎಲ್ಲವೂ ಹುಳುಗಳ ಸೇವೆಗೆ ಹೋಗಿತ್ತು.

ಫ್ಲಾಶ್ ಮಿಂಚಿತು. ಬೇಲಿಯ ಮೇಲಿದ್ದ ಕರಿಹಕ್ಕಿ ಬೈಯುತ್ತಾ ಹಾರಿಹೋಯಿತು. ಪಕ್ಕದ ಮನೆಯ ತೊನ್ಚ್ಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರೀ ಯುಸ್ತಾ, ನಿಮ್ಮನೇಲಿ ದಿನಾ ಗುಡುಗಿಲ್ಲದ ಮಿಂಚು!" ಎಂದಳು.

"ಸ್ವಲ್ಪ ತಡ್ಕೊಳ್ಳಿ," ಎಂದೆ. "ಗುಡುಗೂ ಬರತ್ತೆ."

ಲಾದೊ ಪರದೆ ನೋಡಿದ. ಗುಡುಗಿದ.

ಅಲ್ಲಾಡುತ್ತಿದ್ದದ್ದು ನನ್ನ ಕೈಯಲ್ಲ. ಕೋಲಿಗೆ ಒತ್ತಿ ಹಿಡಿದ ರೆಂಬೆ ಎಲ್ಲಿಗೆ ಹೋದೀತು? ಅಲ್ಲಾಡುತ್ತಿದ್ದವನು ಅವನು. ಇಷ್ಟು ಹತ್ತಿರದಿಂದ ತೆಗೆಯುವ ಫೋಟೊದಲ್ಲಿ ಚೊಕ್ಕವಾಗಿ ಮೂಡುವುದು ಕೂದಲೆಳೆಯಷ್ಟು ತೆಳ್ಳಗಿನ ಒಂದು ಪದರ ಮಾತ್ರ. ಅದರ ಹಿಂದೆಯೂ ಮಸುಕು, ಮುಂದೆಯೂ ಮಸುಕು. ಆ ಪದರವನ್ನು ತಂದು ಹುಳುವಿನ ಕಣ್ಣಿನ ಮೇಲೆ ಕೂರಿಸಲು ಫೋಟೊ ತೆಗೆಯುವವನು ಇಡೀ ಮೈಯನ್ನು ಒಂದಿಷ್ಟೇ ಇಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಬೇಕು. ಕೈ ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಫ್ಲಾಶ್ ಬಂದು ಹೋಗುವಷ್ಟರಲ್ಲಿ ಯಾವ ನಡುಕಕ್ಕೂ ಪುರುಸೊತ್ತು ಸಿಗುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಇದೇ ಲಾದೊ ಬಾಯಿಂದ. ಅವನು ಹೇಳುತ್ತಿದ್ದದ್ದು ನನಗಲ್ಲ. ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕೂತು, ನಾನು ಬಡಿಸಿದ ಸೂಪು ಹೀರುತ್ತಾ ಕಲಿಯುತ್ತಿದ್ದ ಫೋಟೊ ಕ್ಲಬ್ಬಿನ ಹೊಸಬರಿಗೆ. "ಮಿಂಚಿಗೆ ಕೈನಡುಕ ಕಾಣಲ್ಲ ಕಣ್ರೋ!" ಎಂದು ಮೇಜು ಕುಟ್ಟುತ್ತಿದ್ದ. "ಮಸುಕು ಬಂತಾ? ಕೈ ಬಯ್ಬೇಡಿ. ನಿಮ್ಮ ಸೊಂಟ ಎಲ್ಲಿ ತೂರಾಡ್ತಿದೆ ನೋಡ್ಕೊಳ್ಳಿ." ನಮ್ಮ ಪ್ತುಯ್ ಊರಿನಲ್ಲಿ ಹುಳುವಿನ ಫೋಟೊ ತೆಗೆಯುವ ಅಷ್ಟೂ ಜನ ಆ ಮಾತು ಕೇಳಿಯೇ ಕೈ ಪಳಗಿಸಿಕೊಂಡವರು.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನ ಎಡಭಾಗಕ್ಕೆ ಲಕ್ವ ಹೊಡೆಯಿತು. ನಾಲಿಗೆ ತಿರುಗಿ ಬಂತು. ಕಾಲು ಅರ್ಧ ಬಂತು. ಎಡಗೈ ಬರಲೇ ಇಲ್ಲ. ಆ ಎಡಗೈಯಲ್ಲೇ ಅವನು ಮೊದಲು ಹೂವಿನ ದಂಟು ಹಿಡಿಯುತ್ತಿದ್ದುದು, ಅದೇ ಮುಷ್ಟಿಯ ಮೇಲೆ ಲೆನ್ಸನ್ನೂ ಊರುತ್ತಿದ್ದುದು. ದಂಟು ಅಲ್ಲಾಡಿದರೆ ಲೆನ್ಸೂ ಜೊತೆಗೇ ಅಲ್ಲಾಡುತ್ತಿತ್ತು, ಹೀಗಾಗಿ ಕಣ್ಣು ತಪ್ಪುತ್ತಿರಲಿಲ್ಲ. ಆ ಕೈ ಹೋದಮೇಲೆ ಚಳಿಗಾಲ ಪೂರ್ತಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ನಾನು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ಹಾಸಿಗೆಯ ಚಾದರ ಮಡಚಿ, ಮನೆಗೆ ಬಂದು, ಆ ಬೆನ್ನಿನ ಜೊತೆ ಮಾತಾಡುತ್ತಿದ್ದೆ. ಗೋಡೆಯಾದರೂ ಮಾರುತ್ತರ ಕೊಟ್ಟೀತು, ಆ ಬೆನ್ನು ಕೊಡುತ್ತಿರಲಿಲ್ಲ.

ಹಿಮ ಕರಗುವ ಸಮಯದಲ್ಲಿ ಒಂದು ದಿನ ನಾನೊಂದು ಉಪಾಯ ಮಾಡಿದೆ. "ಕಪಾಟು ಒರೆಸ್ತೀನಿ, ಇದನ್ನ ಸ್ವಲ್ಪ ಹಿಡ್ಕೊ," ಎಂದು ಕ್ಯಾಮೆರಾವನ್ನು ಅವನ ಮಡಿಲಲ್ಲಿ ಇಟ್ಟೆ. ಕಿಟಕಿಯ ಪರದೆಯ ಮೇಲೆ ಚಳಿಗೆ ಮಂಕಾಗಿದ್ದ ಒಂದು ನೊಣ ಕೂತಿತ್ತು. ಪರದೆ ಹಿಡಿದು ನಿಂತೆ. ಅವನು ಎದ್ದ. ಗೋಡೆ ಬಿಟ್ಟು ಎದ್ದು ಬಂದು, ಬಾಗಿ, ಒಂದು ಫೋಟೊ ತೆಗೆದ. ಕ್ಯಾಮೆರಾದ ಪರದೆ ನೋಡಿದವನ ಮುಖ ಕುಸಿಯಿತು. ಆ ಮುಖ ಮತ್ತೆ ಗೋಡೆಗೆ ತಿರುಗುತ್ತದೆ ಎಂದು ನನಗೆ ಎಷ್ಟು ಹೆದರಿಕೆಯಾಯಿತೆಂದರೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅಯ್ಯೋ, ನನ್ನ ಕೈ ಅಲ್ಲಾಡ್ತು."

"ನೋಡ್ಕೊಂಡು ಹಿಡೀಬಾರ್ದಾ?" ಎಂದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಬೈದದ್ದು. ಆ ರಾತ್ರಿ ಎರಡು ತಟ್ಟೆ ಹುಳಿ ಎಲೆಕೋಸು ತಿಂದ.

ಅಷ್ಟೇ ಸಾಕಾಯಿತು. ಬೆರಳು ತೋರಿಸಿದ್ದೆ, ಹಸ್ತವನ್ನೇ ನುಂಗಿದ. ಅಂದಿನಿಂದ ಇಂದಿನವರೆಗೆ ಮಸುಕಾದ ಫೋಟೊಗಳೆಲ್ಲ ನನ್ನ ಕೈಯ ಲೆಕ್ಕಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟುಕೋ ಎಂದು ಒಮ್ಮೆ ಹೇಳಿ ನೋಡಿದೆ. "ಅದನ್ನ ನಿಲ್ಸೋ ಹೊತ್ತಿಗೆ ಹುಳು ಮದ್ವೆಯಾಗಿ ಮೊಮ್ಮಕ್ಕಳನ್ನ ಕಂಡಿರತ್ತೆ," ಎಂದ. ತಾನೇ ಕಲಿಸಿದ ಪಾಠವನ್ನು ಲಕ್ವ ಅಳಿಸಿಹಾಕಿತ್ತೋ, ಇಲ್ಲ ಮರೆತ ಹಾಗೆ ನಟಿಸುತ್ತಿದ್ದನೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ನಿಜ ಹೇಳಿದರೆ ಗೋಡೆ, ಹೇಳದಿದ್ದರೆ ಬೈಗುಳ. ನಾನು ಬೈಗುಳವನ್ನು ಆರಿಸಿಕೊಂಡೆ. ಆದರೆ ದಣಿವು ಬೈಗುಳದಷ್ಟು ಸುಲಭವಾಗಿ ಕಿವಿಯಿಂದಾಚೆ ಹೋಗುವುದಿಲ್ಲ. ಬೆಳಿಗ್ಗೆ ಕೈ ಎತ್ತಿ ರೆಂಬೆ ಹಿಡಿದು, ಆಮೇಲೆ ಅದೇ ಕೈಯಲ್ಲಿ ಚಾದರ ಮಡಚಿ, ಸಂಜೆ ಅದೇ ಕೈಯಲ್ಲಿ ಅವನ ಅಂಗಿಯ ಗುಂಡಿ ಹಾಕಿ, ರಾತ್ರಿ ಮಲಗಿದರೆ ಭುಜ ನನ್ನದಲ್ಲವೆನ್ನುವಂತೆ ನೋಯುತ್ತಿತ್ತು.

ಜೂನ್ ಕೊನೆಗೆ ಕ್ಲಬ್ಬಿನ ಸಭೆ. ಲಕ್ವ ಹೊಡೆದ ಮೇಲೆ ಲಾದೊ ಹೋಗುತ್ತಿದ್ದ ಮೊದಲ ಸಭೆ ಅದು. ವಾರವಿಡೀ ಫೋಟೊಗಳನ್ನು ಹರಡಿಕೊಂಡು ಕೂತ. ಕೊನೆಗೆ ಆ ಮೂತಿಹುಳುವನ್ನು ಆರಿಸಿ, ದೊಡ್ಡದಾಗಿ ಮುದ್ರಿಸಿ ತರಿಸಿ, ಊಟದ ಮೇಜಿನ ಮೇಲೆ ಇಟ್ಟ.

"ಹೇಗಿದೆ?"

ಎಲೆಯ ಹಸಿರು ಚೆನ್ನಾಗಿತ್ತು. ಬೆನ್ನಿನ ಮೇಲಿನ ಇಬ್ಬನಿ ಹನಿಗಳು ಚೆನ್ನಾಗಿದ್ದವು. ಮೂತಿಯ ತುದಿಯಂತೂ ರೋಮಗಳನ್ನು ಎಣಿಸಬಹುದಾದಷ್ಟು ಚೂಪಾಗಿ ನಿಂತಿತ್ತು. ಕಣ್ಣು ಮಾತ್ರ ಮಂಜಿನಾಚೆಗಿತ್ತು. ಗುಂಡಿ ಒತ್ತುವ ಗಳಿಗೆಯಲ್ಲಿ ಅವನ ಮೈ ಒಂದಿಷ್ಟು ಹಿಂದಕ್ಕೆ ತೂಗಿತ್ತು, ಪದರ ಕಣ್ಣಿನ ಮೇಲಿಂದ ಮೂತಿಗೆ ಜಾರಿತ್ತು.

"ಚೆನ್ನಾಗಿದೆ," ಎಂದೆ.

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಸೂಪು ಆರ್ತಿದೆ, ಉಣ್ಣು."

ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸೂಪು ಉಂಡ.

ಕ್ಲಬ್ಬು ಸೇರುವುದು ಅಗ್ನಿಶಾಮಕ ದಳದವರ ಕಟ್ಟಡದ ಮಹಡಿಯಲ್ಲಿ. ಮೆಟ್ಟಿಲು ಹತ್ತಲು ಅವನಿಗೆ ಆಸರೆ ಬೇಕಿತ್ತು, ಅದಕ್ಕೇ ನಾನೂ ಹೋದೆ. ಅವನನ್ನು ಕೂರಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ನಾನು ಸದಸ್ಯೆಯಲ್ಲ, ಅಲ್ಲಿ ನನಗೆ ಮಾತಿಲ್ಲ. ಅದು ನನಗೆ ಬೇಕಾದ್ದೇ ಆಗಿತ್ತು.

ಆ ಕ್ಲಬ್ಬಿಗೆ ಒಂದು ಕಟ್ಟಳೆಯಿದೆ. ಫೋಟೊವನ್ನು ಹಲಗೆಗೆ ಚುಚ್ಚುತ್ತಾರೆ, ತೆಗೆದವನು ಬಾಯಿ ಬಿಡುವಂತಿಲ್ಲ, ಉಳಿದವರು ಒಬ್ಬೊಬ್ಬರಾಗಿ ತಪ್ಪು ಹೇಳಬೇಕು. ಹುಳುವಿನ ಕಣ್ಣು ಚೊಕ್ಕವಾಗಿಲ್ಲದಿದ್ದರೆ ಬೇರೆ ಮಾತೇ ಇಲ್ಲ. ಮೊದಲು ಕಂಡವರು "ಕಣ್ಣು ಮಲಗಿದೆ" ಎನ್ನುತ್ತಾರೆ, ಫೋಟೊ ಇಳಿಸಿ ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಈ ಕಟ್ಟಳೆ ಮಾಡಿದವನು ಲಾದೊ. ಈ ಮಾತೂ ಅವನದೇ. ಅದನ್ನು ಹೇಳುವಾಗ ಅವನು ಸ್ನೇಹಿತರೆಂದು ನೋಡಿದವನಲ್ಲ, ಎಳೆಯರೆಂದೂ ನೋಡಿದವನಲ್ಲ. ಶಾಲೆಯಲ್ಲಿ ಪಾಠ ಹೇಳುವ ನೆಝಾ ಎನ್ನುವ ಹುಡುಗಿ, ಈಗ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತೆಗೆಯುವವಳು, ಮೊದಲ ವರ್ಷ ಆ ಮಾತು ಕೇಳಿ ನಮ್ಮ ಅಡುಗೆಮನೆಗೆ ಬಂದು ಅತ್ತಿದ್ದಳು. ನಾನು ಅವಳಿಗೆ ರಾಸ್ಪ್‌ಬೆರಿ ಪಾನಕ ಮಾಡಿಕೊಟ್ಟಿದ್ದೆ.

ಅಂದು ನೆಝಾಳ ಜೇಡದ ಫೋಟೊವನ್ನು ಎಲ್ಲರೂ ಸೇರಿ ಮಾತಿನಲ್ಲೇ ಹರಿದು ಹಂಚಿದರು. ಇನ್ನೊಬ್ಬನ ಜೀರುಂಡೆ ಬೋರಲು ಬಿತ್ತು. ಆಮೇಲೆ ಮೂತಿಹುಳು ಹಲಗೆ ಏರಿತು. ನನ್ನ ಮುಚ್ಚಿದ ಕಣ್ಣು ತಾನಾಗೇ ತೆರೆಯಿತು.

"ಬಣ್ಣ ತುಂಬಾ ಚೆನ್ನಾಗಿದೆ," ಎಂದ ಒಬ್ಬ.

"ಒಂಥರಾ ಮೃದುವಾಗಿದೆ," ಎಂದ ಇನ್ನೊಬ್ಬ. "ಕನಸಿನ ಹಾಗೆ."

ನೆಝಾ ತನ್ನ ಬೂಟನ್ನು ನೋಡುತ್ತಾ, "ಇಬ್ಬನಿ... ಇಬ್ಬನಿ ಚೆನ್ನಾಗಿ ಬಂದಿದೆ, ಮಾಸ್ತರೆ," ಎಂದಳು.

ಲಾದೊನ ಕುತ್ತಿಗೆ ಕೆಂಪೇರುತ್ತಿತ್ತು. ಅವನು ಮಾತಾಡುವಂತಿರಲಿಲ್ಲ. ತಾನೇ ಮಾಡಿದ ಕಟ್ಟಳೆ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ರೋಗಿಯ ತಲೆದಿಂಬು ಸರಿಮಾಡುವ ಹಾಗೆ ಎಲ್ಲರೂ ಆ ಫೋಟೊವನ್ನು ಮಾತಿನಲ್ಲಿ ಸವರುತ್ತಿದ್ದರು. ನಾನು ಅಂಥ ದನಿಯನ್ನು ವೃದ್ಧಾಶ್ರಮದಲ್ಲಿ ದಿನವೂ ಕೇಳುವವಳು. ಊಟ ಚೆಲ್ಲಿಕೊಂಡವರ ಜೊತೆ ನಮ್ಮ ದಾದಿಯರು ಮಾತಾಡುವುದು ಆ ದನಿಯಲ್ಲೇ.

ಕ್ಲಬ್ಬಿನ ಅಧ್ಯಕ್ಷ ಬೊರುತ್, ರೈಲ್ವೆಯಿಂದ ನಿವೃತ್ತನಾದ ದಪ್ಪ ಮನುಷ್ಯ, ಒಳ್ಳೆಯವನು, ಗಂಟಲು ಸರಿಮಾಡಿಕೊಂಡ. "ನೋಡ್ರಪ್ಪಾ, ಒಂಚೂರು ಮಸುಕಿದೆ, ಇಲ್ಲ ಅನ್ನಲ್ಲ. ಅದಕ್ಕೆ ಲಾದೊ ಏನ್ ಮಾಡ್ತಾನೆ? ರೆಂಬೆ ಹಿಡಿಯೋದು ಯುಸ್ತಾ. ಪಾಪ, ಅವಳ ಕೈ ನಡುಗತ್ತಂತೆ. ಲಾದೊನೇ ಫೋನಲ್ಲಿ ಹೇಳಿದ್ದ. ವಯಸ್ಸು ಯಾರನ್ನ ಬಿಡತ್ತೆ?"

ಎಲ್ಲರೂ ನನ್ನ ಕಡೆ ತಿರುಗಿ ಕನಿಕರದಿಂದ ತಲೆಯಾಡಿಸಿದರು. ಮಿಂಚಿಗೆ ಕೈನಡುಕ ಕಾಣುವುದಿಲ್ಲವೆಂದು ನನ್ನ ಸೂಪು ಕುಡಿದು ಕಲಿತವರು ಅವರೆಲ್ಲ! ಮನೆಯೊಳಗೆ ಹೊತ್ತ ಹೊರೆ ಬೇರೆ. ಅದನ್ನು ಇವನು ಊರ ತುಂಬ ಸಾರಿಬಂದಿದ್ದ. ನನಗೆ ಸಿಟ್ಟು ಬಂತೋ ಅಳು ಬಂತೋ, ಇವತ್ತಿಗೂ ಹೇಳಲಾರೆ. ಬಹಳ ಸುಸ್ತಾಗಿತ್ತು, ಅದಂತೂ ನಿಜ. ಇನ್ನು ಒಂದು ಸುಳ್ಳನ್ನೂ ಎತ್ತಿಹಿಡಿಯುವ ತ್ರಾಣ ಆ ಭುಜದಲ್ಲಿ ಉಳಿದಿರಲಿಲ್ಲ.

ಲಾದೊ ನನ್ನನ್ನು ನೋಡುತ್ತಿದ್ದ.

"ಕಣ್ಣು ಮಲಗಿದೆ," ಎಂದೆ.

ಕೆಳಗೆ ಅಗ್ನಿಶಾಮಕದ ಹುಡುಗರು ಗಾಡಿ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಲಾದೊ ಕುರ್ಚಿಯ ಬೆನ್ನು ಹಿಡಿದು ಎದ್ದ. ನೆಝಾ ಕೈ ಕೊಡಲು ಹೋದಳು, ಅವನು ಬೇಡವೆಂದ. ಕಾಲೆಳೆಯುತ್ತಾ ಹಲಗೆಯ ಹತ್ತಿರ ಹೋಗಿ, ಒಂದು ಕೈಯಲ್ಲೇ ಮೊಳೆ ಕಿತ್ತು, ಮೂತಿಹುಳುವನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಇಷ್ಟು ಜನ ಇದ್ದೀರಿ," ಎಂದ. "ಒಬ್ಬರಿಗೂ ಬಾಯಿ ಬರ್ಲಿಲ್ಲ."

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದವಳು ನಾನು. ದ್ರಾವಾ ನದಿಯ ಸೇತುವೆ ದಾಟಿದೆವು. ಆಮೇಲೆ ಅವನು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ನಿಂಗೆ ಯಾವಾಗಿಂದ ಗೊತ್ತು?"

"ಆ ನೊಣದ ದಿನದಿಂದ."

"ನಂಗೂ," ಎಂದ.

ನನಗೆ ಕಾರು ನಿಲ್ಲಿಸಿ ಅವನ ತಲೆಗೆ ಮೊಟಕಬೇಕೆನ್ನಿಸಿತು. ಗೊತ್ತಿದ್ದೂ ಬೈದ! ಗೊತ್ತಿದ್ದೂ ಬೊರುತ್‌ಗೆ ಫೋನು ಮಾಡಿದ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ನೆಲ ನಾನಾಗಿದ್ದೆ. ಆದರೆ ಪಕ್ಕದಲ್ಲಿ ಕೂತವನ ಎಡಗೈ ಸೀಟಿನಿಂದ ಕೆಳಗೆ ಜಾರಿತ್ತು, ಅದು ಅವನಿಗೆ ಗೊತ್ತಾಗಿರಲೂ ಇಲ್ಲ. ಅದನ್ನು ಎತ್ತಿ ಅವನ ಮಡಿಲಲ್ಲಿಟ್ಟು ಗೇರು ಬದಲಾಯಿಸಿದೆ.

ಮನೆಗೆ ಬಂದವನೇ ಉಣ್ಣದೆ ಮಲಗಿದ. ಗೋಡೆಯ ಕಡೆ ಮುಖ. ಒಂದು ಮಾತು ನುಂಗಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು, ಎಂದು ನನ್ನನ್ನೇ ಬೈದುಕೊಂಡೆ. ಮತ್ತೆ ಚಳಿಗಾಲ ಪೂರ್ತಿ ಆ ಬೆನ್ನಿನ ಜೊತೆ ಮಾತಾಡುವ ಶಕ್ತಿ ನನಗಿರಲಿಲ್ಲ. ಅವನನ್ನು ಅಲ್ಲಿಂದ ಎಬ್ಬಿಸಲು ಇನ್ನೊಂದು ಉಪಾಯವೂ ನನ್ನ ಹತ್ತಿರ ಇರಲಿಲ್ಲ.

ಬೆಳಿಗ್ಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ಕೈ ಚಾಚಿದರೆ ಪಕ್ಕ ಖಾಲಿ. ಬಚ್ಚಲಿನಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಹೇಝಲ್ ಗಿಡದ ಎದುರಿಗಿರುವ ಪ್ಲಮ್ ಮರದ ಬುಡದಲ್ಲಿ, ನಾನು ಬಟಾಣಿ ಬಿಡಿಸಲು ಕೂರುವ ಗಿಡ್ಡ ಮಣೆಯ ಮೇಲೆ, ಬೆನ್ನನ್ನು ಕಾಂಡಕ್ಕೆ ಒತ್ತಿ ಲಾದೊ ಕೂತಿದ್ದ. ಮಡಿಲಲ್ಲಿ ಕ್ಯಾಮೆರಾ. ಹೆಗಲ ಮೇಲೆ ನನ್ನ ಸ್ನಾನದ ನಿಲುವಂಗಿಯ ನಡುಪಟ್ಟಿ. ಅದರ ಒಂದು ತುದಿ ಮರವನ್ನು ಸುತ್ತಿ ಬಂದಿತ್ತು, ಇನ್ನೊಂದು ತುದಿಯನ್ನು ಅವನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

"ಏನಿದು ಅವತಾರ?" ಎಂದೆ.

ಪಟ್ಟಿಯನ್ನು ಬಾಯಿಂದ ಬಿಟ್ಟ. "ಒಂದು ಕೈಯಲ್ಲಿ ಗಂಟು ಹಾಕಕ್ಕಾಗಲ್ಲ. ಎಷ್ಟೊತ್ತಿಂದ ಕಾಯ್ತಿದೀನಿ. ಕಟ್ಟು."

"ಮರಕ್ಕಾ?"

"ಮತ್ತೆ ನಿಂಗಾ? ಬಿಗಿಯಾಗಿ ಕಟ್ಟು. ಉಸಿರು ಬಿಟ್ಟು ಬೇರೇನೂ ಅಲ್ಲಾಡ್ಬಾರ್ದು."

ಕಟ್ಟಿದೆ. ಎದೆಗೆ ಒಂದು ಸುತ್ತು, ಸೊಂಟಕ್ಕೆ ಒಂದು ಸುತ್ತು. ತೊನ್ಚ್ಕಾಳ ಕಿಟಕಿ ತೆರೆದ ಸದ್ದಾಯಿತು. ಅವಳು ಏನು ತಿಳಿದುಕೊಂಡಳೋ ದೇವರಿಗೇ ಗೊತ್ತು. ಅಂದು ಮಾತ್ರ ಏನೂ ಕೇಳಲಿಲ್ಲ.

ಲಾದೊ ಮೊಣಕಾಲು ಎತ್ತಿ ಅದರ ಮೇಲೆ ಕ್ಯಾಮೆರಾ ಊರಿದ. "ನಾನು ಹೋಗಿ ಹುಳ ಮುಟ್ಟೋದು ಇನ್ನು ಆಗಲ್ಲ. ಹುಳ ನನ್ನ ಹತ್ರ ಬರ್ಬೇಕು. ರೆಂಬೆ ಕೋಲಿಗೆ ಒತ್ಬೇಡ. ಬಿಡಿಸ್ಕೊಂಡು ಬಗ್ಗಿಸಿ, ಕೈಯಲ್ಲೇ ಹಿಡ್ಕೊಂಡು ತಾ."

ಹೇಝಲ್ ರೆಂಬೆಯನ್ನು ಬಗ್ಗಿಸಿ ಅವನ ಮುಂದಕ್ಕೆ ತಂದೆ. ಫೋಟೊದಲ್ಲಿದ್ದದ್ದೋ, ಇನ್ನೊಂದೋ, ಒಂದು ಮೂತಿಹುಳು ಎಲೆಯ ಮೇಲೆ ಮುದುಡಿ ಕೂತಿತ್ತು. ಊರಲು ಕೋಲಿಲ್ಲ, ಮೊಣಕೈಗೆ ಆಸರೆಯಿಲ್ಲ. ಬಗ್ಗಿದ ರೆಂಬೆ ಹಿಂದಕ್ಕೆ ಚಿಮ್ಮಲು ಎಳೆಯುತ್ತಿತ್ತು.

"ಹತ್ರ," ಎಂದ. "ಇನ್ನೂ ಹತ್ರ. ಅಯ್ಯೋ, ಅಷ್ಟಲ್ಲ! ಒಂದು ಕೂದಲು ಹಿಂದೆ. ನಾನು ಕೂದಲು ಅಂದೆ, ನೀನು ಜಡೆ ಹೋಗ್ತೀಯ. ಮುಂದೆ... ಅಲ್ಲೇ!"

ಮಿಂಚಿತು. ಕರಿಹಕ್ಕಿ ಬೈಯುತ್ತಾ ಹಾರಿತು. ಅವನು ಪರದೆಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕುಸಿಯುತ್ತದೆ, ಈಗ ಕುಸಿಯುತ್ತದೆ ಎಂದುಕೊಂಡೆ.

ಕುಸಿಯಲಿಲ್ಲ. ಅವನು ತಲೆ ಎತ್ತಿದ. ಆ ಮುಖದಲ್ಲಿ ಹಿಂದಿನ ಲಾದೊ ಇದ್ದ, ಹೊಸಬರ ಎದುರು ಮೇಜು ಕುಟ್ಟುತ್ತಿದ್ದವನು.

"ಕಣ್ಣು ಮಲಗಿದೆ," ಎಂದ.

"ಯಾರ ತಪ್ಪು?"

"ನಾನು ಮರಕ್ಕೆ ಕಟ್ಟಿಸ್ಕೊಂಡು ಕೂತಿದೀನಿ. ನಿಂದೇ ಕಣೆ." ಅವನ ಕಣ್ಣು ತುಂಬಿತ್ತು, ತುಟಿ ಒಂದು ಪಕ್ಕಕ್ಕೆ ನಗುತ್ತಿತ್ತು. "ಈ ಸಲ ನಿಜವಾಗ್ಲೂ ನಿಂದೇ."

ಹೌದು, ನನ್ನದೇ. ಆ ತಪ್ಪು ನನ್ನದಾಗಿದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಯಾರಿಗೆ ಹೇಳಿ ಅರ್ಥ ಮಾಡಿಸಲಿ? ಭುಜ ಸಿಡಿಯುತ್ತಿತ್ತು. ಬರಿಗಾಲು ಇಬ್ಬನಿಯಲ್ಲಿ ಮರಗಟ್ಟಿತ್ತು. ಕೆಲಸಕ್ಕೆ ಹೋಗುವ ಬಸ್ಸು ತಪ್ಪುವುದು ಖಂಡಿತವಾಗಿತ್ತು. ನಾನು ಇನ್ನೊಂದು ಕೈಯನ್ನೂ ರೆಂಬೆಗೆ ಹಾಕಿ, ಉಸಿರು ಬಿಗಿಹಿಡಿದೆ.

"ಇನ್ನೊಂದು ತೆಗಿ," ಎಂದೆ.